ಒಳಗಿನ ಚಿಲಕ

ಮನೆಗಳೇ ತಮ್ಮೊಳಗೆ ಇರುವವರನ್ನು ಆರಿಸಿಕೊಳ್ಳತೊಡಗಿದ ಮೇಲೆ, ದಿಕ್ಕಿಲ್ಲದ ಮಕ್ಕಳಿಗೆ ನೆಲೆ ಹುಡುಕುವ ಝರೀನಾ ಮೇಡಂ ಕೆಲಸ ಹಗುರವಾಗಿತ್ತು. ಮಕ್ಕಳನ್ನು ಬಾಗಿಲ ಮುಂದೆ ನಿಲ್ಲಿಸಿದರೆ ಸಾಕು, ಮಾತನ್ನು ಮನೆಯೇ ಆಡುತ್ತಿತ್ತು. ಗದಗಿನ ಬಸ್ ನಿಲ್ದಾಣದಲ್ಲಿ ಎರಡು ವರ್ಷ ಮಲಗಿದ್ದ ಹದಿನೇಳರ ರೋಹಿಣಿಗೆ ಇದು ಮೂರನೆಯ ಮನೆ. ಮೊದಲೆರಡು ಅವಳನ್ನು ಒಲ್ಲೆ ಎಂದಿದ್ದವು.

“ಕಾಲೇಜಿಗೆ ಹೋಗ್ತೀಯೇನವ್ವಾ?” ಮನೆ ಕೇಳಿತು. “ಮಾಳಿಗಿ ಮ್ಯಾಲಿನ ಬಿಸಿಲಿಂದ ಕರೆಂಟ್ ಮಾಡಿ ಮಾರತೀನಿ. ಅದರಾಗ ತಿಂಗಳಾ ನಿನ್ನ ಖರ್ಚಿಗೆ ಐದು ಸಾವಿರ ಕೊಡ್ತೀನಿ.”

“ಹೋಗ್ತೀನಿ. ಆದ್ರ ಒಂದು ಮಾತು. ಒಳಗಿನ ಚಿಲಕ ಯಾರ ಕೈಯಾಗ ಇರತೈತಿ?”

“ನನ್ನ ಕೈಯಾಗ. ಎಲ್ಲಾ ಮನಿಯೊಳಗೂ ಹಂಗ.”

“ಹಂಗಾದ್ರ ಬ್ಯಾಡ.” ರೋಹಿಣಿ ಚೀಲ ಹೆಗಲಿಗೇರಿಸಿದಳು.

ಝರೀನಾ ಗಾಬರಿಯಾದರು. “ಹುಚ್ಚಿ, ಒಪ್ಪಿದ ಮನಿಗೆ ಯಾರರ ಹಿಂಗ ಅಂತಾರೇನು?”

“ಬ್ಯಾಡಾದವರನ್ನ ಹೊರಗ ಇಡಾಕ ಬರಲಿಲ್ಲಂದ್ರ ಇದೂ ಬಸ್‌ಸ್ಟ್ಯಾಂಡೇ ರೀ ಮೇಡಂ.”

ಅವಳು ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದೆ ಬಾಗಿಲು ಪೂರ್ತಿ ತೆರೆಯಿತು.

“ಬಾರವ್ವಾ,” ಎಂದಿತು ಮನೆ. “ಇವತ್ತಿಂದ ಚಿಲಕ ನಿಂದು. ನಾ ಮುಟ್ಟಂಗಿಲ್ಲ.”

ರೋಹಿಣಿ ಒಳಗೆ ಹೋಗಿ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಚಿಲಕ ಅವಳು ಹಾಕಿದಲ್ಲೇ ನಿಂತಿತು. ಆಮೇಲೆ ಬಾಗಿಲು ತೆರೆದು, ಎರಡು ವರ್ಷ ತಲೆಯಡಿ ಇಟ್ಟುಕೊಂಡೇ ಮಲಗುತ್ತಿದ್ದ ಚಪ್ಪಲಿಗಳನ್ನು ಹೊಸ್ತಿಲ ಹೊರಗೆ ಬಿಟ್ಟಳು.