ಯಂತ್ರದ ಮುಂದಿನ ಕುರ್ಚಿ

ಭರಮಣ್ಣನ ಗುದ್ದಿಗೆ ನಿತಿನ್‌ನ ಮೂಗಿನಿಂದ ರಕ್ತ ಚಿಮ್ಮಿ ಅಕ್ಕಿಯ ರಾಶಿಯ ಮೇಲೆ ಬಿತ್ತು. ಕಂಪ್ಲಿಯ ಆ ರೈಸ್ ಮಿಲ್ಲಿನ ಒಡತಿ ಶೈಲಜಾ ಬಾಗಿಲಲ್ಲೇ ನಿಂತುಬಿಟ್ಟಳು. ಕೆಟ್ಟ ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಬೇರ್ಪಡಿಸುವ ಹೊಸ ಎಐ ಯಂತ್ರವನ್ನು ಹುಬ್ಬಳ್ಳಿಯ ತಜ್ಞ ನಿತಿನ್‌ಗೆ ವಹಿಸಬೇಕೋ, ಹದಿನೆಂಟು ವರ್ಷದಿಂದ ಮಿಲ್ಲಿನಲ್ಲಿ ದುಡಿಯುತ್ತಿರುವ ಭರಮಣ್ಣನಿಗೆ ಕಲಿಸಬೇಕೋ ಎಂದು ಅವಳು ವಾರದಿಂದ ಯೋಚಿಸುತ್ತಿದ್ದಳು.

“ಸುಮಲತಾನ ಕೈ ಯಂತ್ರದ ಬೆಲ್ಟಿನಾಗ ಇತ್ರಿ ಅಕ್ಕಾರ,” ಭರಮಣ್ಣ ಏದುಸಿರಿನಲ್ಲಿ ಹೇಳಿದ. “ತಡೀರಿ ಅಂತ ಒದರಿದೆ. ಇವ ಕಂಪ್ಯೂಟರ್ ನೋಡ್ಕೋತ ಚಾಲೂ ಮಾಡಿಬಿಟ್ಟ.” ಮೂಲೆಯಲ್ಲಿ ಮಿಲ್ಲಿನ ಕೂಲಿಯಾಳು ಸುಮಲತಾ ಚರ್ಮ ಸುಲಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನರಳುತ್ತಿದ್ದಳು. ಭರಮಣ್ಣ ಅವಳನ್ನು ಹಿಂದಕ್ಕೆ ಎಳೆಯದಿದ್ದರೆ ಕೈಯೇ ಹೋಗುತ್ತಿತ್ತು.

“ಇಂಥವರ ಕೈಗೆ ಯಂತ್ರ ಕೊಡ್ತೀರೇನ್ರಿ ಮೇಡಂ?” ನಿತಿನ್ ಮೂಗು ಒತ್ತಿಕೊಂಡು ಕೇಳಿದ. ಭರಮಣ್ಣ ಕಬ್ಬಿಣದ ಸರಳು ಎತ್ತಿದ. ಶೈಲಜಾ ನಡುವೆ ನುಗ್ಗಿ ಭರಮಣ್ಣನ ಕೆನ್ನೆಗೆ ಬಾರಿಸಿದಳು. ಸರಳು ಕೆಳಗೆ ಬಿತ್ತು. ನಿತಿನ್‌ನ ಮುಖ ಅರಳಿತು.

“ಆ ಏಟು ಸರಳು ಎತ್ತಿದ್ದಕ್ಕ,” ಎಂದು ಶೈಲಜಾ ಪರದೆಯ ಮುಂದಿದ್ದ ಕುರ್ಚಿಯನ್ನು ಭರಮಣ್ಣನತ್ತ ಎಳೆದಳು. “ನಾ ಸುಮಲತಾನ್ನ ದವಾಖಾನಿಗೆ ಕರ್ಕೊಂಡು ಹೊಂಟೀನಿ. ನೀ ಇಲ್ಲಿ ಕುಂದ್ರು. ನಿತಿನ್ ಅವರ, ನೀವು ಊರಿಗೆ ಹೋಗೋದ್ರೊಳಗ ಇವಂಗ ಎಲ್ಲಾ ಕಲಿಸ್ರಿ. ಮೊದಲ ನಿಲ್ಲಿಸೋದು ಕಲಿಸ್ರಿ.”