ಹತ್ತೊಂಬತ್ತನೇ ಫಾರಂ

“ಇನ್ನೂರ ಎಂಬತ್ತೆಂಟನೇ ಪುಟ ಆದ್ಮೇಲೆ ಮುನ್ನೂರೈದು ಬಂದಿದೆ. ಹತ್ತೊಂಬತ್ತನೇ ಫಾರಂ, ಹದಿನಾರು ಪುಟ, ಎಲ್ಲಿ ಹೋಯ್ತು?”

ದಪ್ಪ ಕಾದಂಬರಿಯನ್ನು ಹೊಲಿಗೆಯವಳ ಮೇಜಿನ ಮೇಲಿಟ್ಟು ಕೇಳಿದರು ಅವರು. ಮುದ್ರಣ ಯಂತ್ರ ನಡೆಸುವ ಅವರನ್ನು ಪ್ರೆಸ್ಸಿನಲ್ಲಿ ಎಲ್ಲರೂ ಮೆಷಿನ್ ಮಾವ ಎನ್ನುತ್ತಿದ್ದರು. ಬೈಂಡಿಂಗ್ ಕೋಣೆಗೆ ಬೇರೆ ಯಾರೂ ಇನ್ನೂ ಬಂದಿರಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ನಿಮಗೆ ಅಂತ ಉಳಿದ ಫಾರಂ ಸೇರಿಸಿ ಹೊಲಿದ ಪ್ರತಿ ಮಾವ. ಒಂದು ಕಡಿಮೆ ಬಿದ್ದಿರಬೇಕು.”

“ಅದನ್ನ ಅಚ್ಚು ಹಾಕಿದ್ದು ನಾನೇ. ಇನ್ನೂರು ಪ್ರತಿ ಹೆಚ್ಚೇ ಇದೆ. ಕಿವಿಗೆ ಹೂ ಇಡಬೇಡ.”

ಅಚ್ಚು ಹಾಕಿದ್ದರೂ ಓದಿರಲಿಲ್ಲ. ಮೆಷಿನ್ ಮುಂದೆ ನಿಂತಾಗ ಶಾಯಿ ನೋಡುತ್ತಿದ್ದರೇ ಹೊರತು ಸಾಲು ನೋಡುತ್ತಿರಲಿಲ್ಲ. ಮೊದಲೇ ಓದಿಬಿಟ್ಟರೆ ಹೆಂಡತಿಗೆ ಮೋಸ ಮಾಡಿದ ಹಾಗಂತೆ. ಈ ಲೇಖಕನ ಒಂದೊಂದು ಸಂಪುಟವನ್ನೂ ಅವರು ಮನೆಯಲ್ಲಿ ಅವಳಿಗೆ ಗಟ್ಟಿಯಾಗಿ ಓದಿದ್ದರು. ನಾಲ್ಕನೆಯದರ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳು; ಇದು ಐದನೆಯದು. ಕಥೆಯಲ್ಲಿ ಮೋಡಗಳ ಮೇಲೆ ದೋಣಿ ನಡೆಸುವ ಮುದುಕಿ ಎಂದರೆ ಅವಳಿಗೆ ಪ್ರಾಣ. ‘ಅದು ನಾನೇ’ ಅನ್ನುತ್ತಿದ್ದಳು. ಹೊಲಿಗೆಯವಳೂ ಹಾಸ್ಟೆಲಿನಲ್ಲಿದ್ದಾಗ ಊಟ ಬಿಟ್ಟು ಇವನನ್ನು ಓದಿದವಳೇ. ಈಗ ಕುದುರೆಯ ಜೀನಿಗೆ ನಾಲ್ಕು ಪುಟ, ಯುದ್ಧಕ್ಕೆ ನಲವತ್ತು ಎಂದು ಬೈದುಕೊಂಡೇ ಹೊಲಿಯುತ್ತಿದ್ದಳು, ಹೊಲಿಯುತ್ತಲೇ ಓದುತ್ತಿದ್ದಳು.

“ಮುದುಕೀನ ಸಾಯಿಸಿಬಿಟ್ಟಿದ್ದಾನೆ ಮಾವ,” ಅಂದಳು ಕೊನೆಗೆ. “ಆ ಹದಿನಾರು ಪುಟದಲ್ಲೇ. ಅತ್ತೆಗೆ ಅದನ್ನ ಹೇಗೆ ಓದಿ ಹೇಳ್ತೀರಿ ಅಂತ ನಾನೇ ತೆಗೆದಿಟ್ಟೆ.”

“ಕೊಲೆಗಡುಕ! ಮೂರು ವರ್ಷ ಕಾಯಿಸಿ ಈ ಕೆಲಸ ಮಾಡಿದ್ದಾನೆ!” ಮಾವ ಪುಸ್ತಕವನ್ನೇ ದುರುಗುಟ್ಟಿ ನೋಡಿದರು. “ಕುದುರೆ ಬಂದಾಗೆಲ್ಲ ನಾನೂ ಪುಟ ಹಾರಿಸ್ತೀನಿ ಕಣಮ್ಮ. ಅವಳಿಗೆ ಗೊತ್ತಾದ್ರೂ ಸುಮ್ಮನಿರ್ತಾಳೆ. ಆದ್ರೆ ನಿನ್ನೆ ರಾತ್ರಿ ಓದ್ತಾ ಮುನ್ನೂರೈದಕ್ಕೆ ಬಂದ್ರೆ ದೋಣಿ ಖಾಲಿ, ಎಲ್ಲರೂ ಅಳ್ತಾ ಇದ್ದಾರೆ. ಅವಳೇನು ಮಗುವಾ?”

“ಹೋದಳು ಅಂತ ಗೊತ್ತಾಯ್ತಲ್ಲ, ಬಿಟ್ಬಿಡಿ. ಹೇಗೆ ಹೋದಳು ಅನ್ನೋದು ಯಾಕೆ?”

“ಅವಳಿಗೆ ಅದೇ ಬೇಕಂತೆ. ‘ಹೇಗೆ ಹೋದಳು ಅನ್ನೋದನ್ನ ತನ್ನಿ, ನನಗೂ ಬೇಕಾಗುತ್ತೆ’ ಅಂದಳು.”

ಹೊಲಿಗೆಯವಳು ಡ್ರಾಯರ್ ಎಳೆದು ಫಾರಂ ತೆಗೆದಳು. ರಟ್ಟು ಬಿಡಿಸಿ, ಬೆನ್ನಿನ ಅಂಟು ಕೆರೆದು, ಹಳೆಯ ದಾರ ಕತ್ತರಿಸಿದಳು. ಮಾವ ಎದುರಿನ ಸ್ಟೂಲಿನ ಮೇಲೆ ಕೂತರು. ಫಾರಂ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ಅವರು ಅದರ ಕಡೆ ನೋಡಲಿಲ್ಲ. ಶಾಯಿ ಹಿಡಿದ ಬೆರಳುಗಳನ್ನು ಮೊಣಕಾಲಿಗೆ ಉಜ್ಜುತ್ತಾ ಕಿಟಕಿಯಾಚೆ ನೋಡಿದರು.

“ಒಂದೇ ಒಂದು ಹೇಳು. ತುಂಬಾ ನರಳ್ತಾಳಾ?”

“ಇಲ್ಲ ಮಾವ. ದಡ ಮುಟ್ಟೋ ತನಕ ಹುಟ್ಟು ಬಿಡಲ್ಲ. ಬೈತಾ ಬೈತಾನೇ ಹೋಗ್ತಾಳೆ. ರಾಜನ್ನ, ಮಂತ್ರೀನ, ಮೋಡಾನ, ಯಾರನ್ನೂ ಬಿಟ್ಟಿಲ್ಲ. ಒಂದೂವರೆ ಪುಟ ಬರೀ ಬೈಗುಳ. ಇಷ್ಟು ಚೆನ್ನಾಗಿ ಇವನು ಇನ್ನೆಲ್ಲೂ ಬರೆದಿಲ್ಲ, ಹಾಳಾದೋನು.”

ಮಾವನ ಭುಜ ಕುಲುಕತೊಡಗಿತು. ನಗುವೋ ಮತ್ತೊಂದೋ, ಅವಳು ನೋಡಲು ಹೋಗಲಿಲ್ಲ.

“ಹಾಗಾದ್ರೆ ಆ ಫಾರಂಗೆ ಎರಡೆಳೆ ದಾರ ಹಾಕು,” ಅಂದರು. “ಎಷ್ಟು ಸಲ ಓದಿಸ್ತಾಳೋ.”