ದೇವರ ಪಾಲಿನ ಮಲ್ಲಿಗೆ

ಗುಣವತಿ ದೊಡ್ಡಮ್ಮ ಮಲ್ಲಿಗೆಯ ಮಾಲೆಯನ್ನು ಎತ್ತಿ ಹಿಡಿದು ಜೋರಾಗಿ ಕೊಡವಿದರು. ಚೈತಾಲಿ ನೆಲವನ್ನೇ ನೋಡುತ್ತಾ ಕುಳಿತಳು.

ಒಂಬತ್ತನೇ ತರಗತಿಯ ಪರೀಕ್ಷೆ ಮುಗಿಸಿ ರಜೆಗೆ ಅಲೆವೂರಿಗೆ ಬಂದಂದಿನಿಂದ ಅವಳು ದಿನವೂ ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದಳು. ಒಮ್ಮೆಯಾದರೂ ತನ್ನ ಮಾಲೆ ಪೇಟೆಗೆ ಮಾರಾಟಕ್ಕೆ ಹೋಗಬೇಕೆಂಬ ಆಸೆ. ಆದರೆ ಕೊಡವಿದಾಗಲೆಲ್ಲ ಹೂ ಉದುರಿ, ಮಾಲೆ ಮನೆಯ ದೇವರ ಪಟಕ್ಕೇ ಹೋಗುತ್ತಿತ್ತು. "ದೇವರು ಪಾಪ, ಎಂತ ಕೊಟ್ಟರೂ ಬೇಡ ಹೇಳುವುದಿಲ್ಲ" ಎಂದು ದೊಡ್ಡಮ್ಮ ನಿನ್ನೆಯೂ ನಕ್ಕಿದ್ದರು.

ಇವತ್ತು ಒಂದು ಹೂವೂ ಬೀಳಲಿಲ್ಲ. ದೊಡ್ಡಮ್ಮ ನಂಬಿಕೆ ಬಾರದೆ ಇನ್ನೊಮ್ಮೆ ಕೊಡವಿದರು. ಆಮೇಲೆ ಅದನ್ನು ತಾವು ಕಟ್ಟಿದ ಮಾಲೆಗಳ ಜೊತೆ ಬಾಳೆಎಲೆಯಲ್ಲಿ ಸುತ್ತಿ, ಪೇಟೆಗೆ ಹೊರಟಿದ್ದ ರಿಕ್ಷಾದಲ್ಲಿ ಇಟ್ಟರು.

"ಹಾಗಾದರೆ ದೇವರಿಗೆ, ದೊಡ್ಡಮ್ಮ?"

"ಅಂಗಳದಲ್ಲಿ ದಾಸವಾಳ ಉಂಟಲ್ಲ ಮಾರಾಯ್ತಿ, ಕೊಯ್ದು ತಾ."